ಬಾಯಿ ತೆರೆಯುವ ಕ್ಯಾಮೆರಾ, ಬಾಯಿ ಮುಚ್ಚಿದ ಕ್ಯಾಮೆರಾ

ಮಿರರ್‌ಲೆಸ್ ಕ್ಯಾಮೆರಾದ ಲೆನ್ಸನ್ನು ಕಳಚಿ ಬೇರೆಯದನ್ನು ಹಾಕಬಹುದು. ವಾಟರ್‌ಪ್ರೂಫ್ ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ಅದು ಆಗದ ಮಾತು. ಇವೆರಡರ ನಡುವಿನ ಉಳಿದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಒಂದೇ ಸಂಗತಿಯಿಂದ. ಹೋಲಿಕೆಗೆ ಒಂದೇ ಮನೆಯ ಎರಡು ಕ್ಯಾಮೆರಾಗಳನ್ನು ಎತ್ತಿಕೊಂಡರೆ ಕಂಪನಿಗಳ ಜಗಳ ನಡುವೆ ಬರುವುದಿಲ್ಲ. ಜಪಾನಿನ ಒಲಿಂಪಸ್‌ನ ಕ್ಯಾಮೆರಾ ವಿಭಾಗ 2021ರ ಜನವರಿಯಲ್ಲಿ ಬೇರೆ ಕಂಪನಿಯಾಯಿತು. ಈಗ ಓಎಂ ಸಿಸ್ಟಂ ಎಂಬ ಹೆಸರಿನಲ್ಲಿ ಮಾರುವ ಆ ಕಂಪನಿ 2022ರಲ್ಲಿ ಓಎಂ-1 ಎಂಬ ಮೇಲ್ದರ್ಜೆಯ ಮಿರರ್‌ಲೆಸ್ಸನ್ನೂ 2023ರಲ್ಲಿ ಟಫ್ ಟಿಜಿ-7 ಎಂಬ ಪುಟ್ಟ ವಾಟರ್‌ಪ್ರೂಫನ್ನೂ ಹೊರತಂದಿತು. ಬಿಡುಗಡೆಯಾದಾಗ ಅಮೆರಿಕದಲ್ಲಿ ಲೆನ್ಸಿಲ್ಲದ ಓಎಂ-1ರ ಬೆಲೆ ಸುಮಾರು 2,200 ಡಾಲರ್, ಟಿಜಿ-7ರ ಬೆಲೆ ಸುಮಾರು 550 ಡಾಲರ್. ಒಂದರ ದುಡ್ಡಿಗೆ ಇನ್ನೊಂದು ನಾಲ್ಕು ಬರುತ್ತವೆ.

ಮಿರರ್‌ಲೆಸ್ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿಯೊಂದು ದೃಶ್ಯವನ್ನು ಮೇಲಿನ ವ್ಯೂಫೈಂಡರಿಗೆ ತಿರುಗಿಸುತ್ತಿತ್ತು; ಶಟರ್ ಒತ್ತಿದಾಗ ಅದು ಟಪ್ಪನೆ ಮೇಲೇಳುತ್ತಿತ್ತು. ಆ ಕನ್ನಡಿಯನ್ನು ಕಿತ್ತು, ಸೆನ್ಸರ್ ಕಂಡದ್ದನ್ನೇ ಪುಟ್ಟ ಪರದೆಯಲ್ಲಿ ತೋರಿಸುವ ವ್ಯವಸ್ಥೆ 2008ರಲ್ಲಿ ಪ್ಯಾನಸಾನಿಕ್‌ನ ಜಿ1 ಮೂಲಕ ಮಾರುಕಟ್ಟೆಗೆ ಬಂತು. ಕನ್ನಡಿಗೆ ಬೇಕಿದ್ದ ಜಾಗ ಉಳಿದದ್ದರಿಂದ ಲೆನ್ಸು ಕೂರುವ ಬಳೆಗೂ ಸೆನ್ಸರಿಗೂ ನಡುವಿನ ದೂರ ಸುಮಾರು 39 ಮಿಲಿಮೀಟರಿನಿಂದ ಸುಮಾರು 19ಕ್ಕೆ ಇಳಿಯಿತು, ಬಾಡಿ ತೆಳುವಾಯಿತು. ಹಾಗೆ ನೋಡಿದರೆ ಜೇಬಿನ ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲೂ ಇಂಥ ಕನ್ನಡಿ ಎಂದೂ ಇರಲಿಲ್ಲ. ಆದರೂ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳಿಗೆ ಮಾತ್ರ ಆ ಹೆಸರು ಅಂಟಿಕೊಂಡಿದೆ.

ಇನ್ನು ಮುಚ್ಚಿದ ಕ್ಯಾಮೆರಾ. ಸಾಮಾನ್ಯ ಕಾಂಪ್ಯಾಕ್ಟ್ ಕ್ಯಾಮೆರಾವನ್ನು ಆನ್ ಮಾಡಿದರೆ ಲೆನ್ಸು ಆಮೆಯ ಕತ್ತಿನಂತೆ ಹೊರಬರುತ್ತದೆ. ನೀರಿನೊಳಗೆ ಇದು ನಡೆಯುವುದಿಲ್ಲ. ಒಳಹೊರಗೆ ಸರಿಯುವ ಕೊಳವೆಯ ಸುತ್ತ ನೀರು ನುಸುಳದಂತೆ ತಡೆಯುವುದು ಬಲು ಕಷ್ಟ. ಆದ್ದರಿಂದ ಟಿಜಿ-7ರಲ್ಲಿ ಲೆನ್ಸು ಒಂದಿಷ್ಟೂ ಹೊರಗೆ ಬರುವುದಿಲ್ಲ. ಮುಂದಿನ ಗಾಜಿನಿಂದ ಒಳಬಂದ ಬೆಳಕನ್ನು ಬಾಡಿಯೊಳಗೇ 90 ಡಿಗ್ರಿ ಮಡಿಸಲಾಗುತ್ತದೆ, ಜೂಮ್ ಮಾಡುವ ಮಸೂರಗಳು ಬಾಡಿಯ ಒಳಗೇ ಓಡಾಡುತ್ತವೆ. ಬಾಡಿಯ ದಪ್ಪ 33 ಮಿಲಿಮೀಟರ್. ಅಷ್ಟರೊಳಗೆ ಮಡಿಚಿಡಬೇಕೆಂದರೆ ಮಸೂರಗಳು ಚಿಕ್ಕವಿರಬೇಕು. ಚಿಕ್ಕ ಮಸೂರ ಮೂಡಿಸುವ ಬಿಂಬವೂ ಚಿಕ್ಕದು. ಆ ಬಿಂಬವನ್ನು ಹಿಡಿಯುವ ಸೆನ್ಸರ್ ಅದಕ್ಕೆ ತಕ್ಕಂತೆ ಚಿಕ್ಕದು. ನೀರನ್ನು ಹೊರಗಿಡಬೇಕೆಂಬ ಹಟಕ್ಕೆ ಕೊನೆಗೆ ಸುಂಕ ಕಟ್ಟುವುದು ಬೆಳಕು.

ಸುಂಕ ಎಷ್ಟು ಎಂಬುದನ್ನು ಲೆಕ್ಕ ಹಾಕಬಹುದು. ಟಿಜಿ-7ರ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಹೆಚ್ಚುಕಡಿಮೆ ಒಂದು ತೊಗರಿಬೇಳೆಯಷ್ಟು. ಓಎಂ-1ರದು 17.3 ಮಿ.ಮೀ. ಅಗಲ, 13 ಮಿ.ಮೀ. ಎತ್ತರ, ಹೆಬ್ಬೆರಳ ಉಗುರಿನಷ್ಟು. ವಿಸ್ತೀರ್ಣದಲ್ಲಿ ಎಂಟು ಪಟ್ಟು ವ್ಯತ್ಯಾಸ. ಮೊದಲನೆಯದರಲ್ಲಿ 12 ಮೆಗಾಪಿಕ್ಸೆಲ್, ಎರಡನೆಯದರಲ್ಲಿ 20. ಜಾಹೀರಾತಿನಲ್ಲಿ ಎದ್ದು ಕಾಣುವ ಈ ಸಂಖ್ಯೆಗಿಂತ ಮುಖ್ಯವಾದದ್ದು ಆ ಎಂಟು ಪಟ್ಟು. ಎರಡರಲ್ಲೂ ಅಪರ್ಚರ್, ಶಟರ್ ವೇಗ ಒಂದೇ ಇಟ್ಟರೆ ದೊಡ್ಡ ಸೆನ್ಸರಿಗೆ ಒಟ್ಟು ಎಂಟು ಪಟ್ಟು ಬೆಳಕು ಬೀಳುತ್ತದೆ. ಹೀಗಾಗಿ ಪುಟ್ಟ ಕ್ಯಾಮೆರಾದಲ್ಲಿ ಐಎಸ್‌ಒ 200ರಲ್ಲಿ ಕಾಣುವಷ್ಟು ಕಾಳುಕಾಳು ದೊಡ್ಡದರಲ್ಲಿ ಕಾಣಿಸಿಕೊಳ್ಳುವುದು ಸುಮಾರು 1600ರ ಹೊತ್ತಿಗೆ. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಎರಡು ಫೋಟೊಗಳನ್ನು ಮೊಬೈಲಿನ ಪರದೆಯಲ್ಲಿ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳುವುದು ಸುಲಭವಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ ತೆಗೆದರೆ ಮಗುವೂ ಹೇಳೀತು.

ಕಬಿನಿಯ ಹಿನ್ನೀರಿನ ಬಳಿ ಬೆಳಗಿನ ಸಫಾರಿಗೆ ಹೊರಟ ಜೀಪಿನಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಮರದ ನೆರಳಿನಲ್ಲಿ ದೂರ ಕೂತ ಚಿರತೆಗೆ ಬೇಕಾದದ್ದು ಉದ್ದನೆಯ ಲೆನ್ಸು. ಟಿಜಿ-7ರ ಜೂಮ್ 25ರಿಂದ 100 ಮಿಲಿಮೀಟರಿಗೆ ಸಮನಾದದ್ದು, ಅದು ಕಾಡುಪ್ರಾಣಿಗೆ ಏನೇನೂ ಸಾಲದು. ತುತ್ತತುದಿಗೆ ಜೂಮ್ ಮಾಡಿದಾಗ ಅದರ ಅಪರ್ಚರ್ ಎಫ್/2ರಿಂದ ಎಫ್/4.9ಕ್ಕೆ ಕುಗ್ಗುತ್ತದೆ, ಇರುವ ಅಲ್ಪ ಬೆಳಕೂ ಕಡಿಮೆಯಾಗುತ್ತದೆ. ಕಣ್ಣಿಗೆ ಹಚ್ಚಿ ನೋಡುವ ವ್ಯೂಫೈಂಡರ್ ಅದರಲ್ಲಿ ಇಲ್ಲವೇ ಇಲ್ಲ. ಓಎಂ-1ರ ಫೋಕಸ್ ಹಕ್ಕಿಯ ಕಣ್ಣನ್ನು ತಾನೇ ಗುರುತಿಸಿ ಹಿಂಬಾಲಿಸುತ್ತದೆ. ಹಾಗೆ ಹಿಂಬಾಲಿಸುತ್ತಲೇ, ಅದಕ್ಕೆ ಒಗ್ಗುವ ಲೆನ್ಸಿದ್ದರೆ, ಸೆಕೆಂಡಿಗೆ 50 ಚಿತ್ರದವರೆಗೆ ತೆಗೆಯಬಲ್ಲದು. ಕೈ ನಡುಗಿದರೆ ಅದಕ್ಕೆ ಎದುರಾಗಿ ಸೆನ್ಸರೇ ಅಲುಗಿ ಚಿತ್ರವನ್ನು ಸ್ಥಿರವಾಗಿಡುತ್ತದೆ. ವನ್ಯಜೀವಿ, ಮದುವೆ ಮನೆ, ನಾಟಕದ ರಂಗ, ರಾತ್ರಿಯ ಆಕಾಶ ಇವುಗಳ ಮಟ್ಟಿಗೆ ಹೋಲಿಕೆ ಇಲ್ಲಿಗೇ ಮುಗಿಯಿತು.

ಆದರೆ ಚಿಕ್ಕ ಸೆನ್ಸರ್ ಗೆಲ್ಲುವ ಜಾಗವೂ ಒಂದಿದೆ. ಟಿಜಿ-7ರ ಮೈಕ್ರೋಸ್ಕೋಪ್ ಮೋಡಿನಲ್ಲಿ ಲೆನ್ಸಿನಿಂದ ಒಂದೇ ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಸಿಗುತ್ತದೆ. ಆಗುಂಬೆಯ ಮಳೆಯಲ್ಲಿ ಎಲೆಯ ಕೆಳಗೆ ಕೂತ ಉಗುರುಗಾತ್ರದ ಕಪ್ಪೆಮರಿಯ ಹತ್ತಿರ ಕೈಚಾಚಿ ಕ್ಯಾಮೆರಾ ಹಿಡಿದರೆ ಅದರ ಕಣ್ಣಿನ ಸುತ್ತಲ ಬಂಗಾರದ ಎಳೆಗಳು ಪರದೆ ತುಂಬುತ್ತವೆ. ಸೆನ್ಸರ್ ಚಿಕ್ಕದಾದಷ್ಟೂ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಹೆಚ್ಚು, ಹಾಗಾಗಿ ಕಣ್ಣೂ ಮೂತಿಯೂ ಒಟ್ಟಿಗೆ ಫೋಕಸಿನಲ್ಲಿ ಸಿಕ್ಕುವ ಸಂಭವವೂ ಹೆಚ್ಚು. ದೊಡ್ಡ ಕ್ಯಾಮೆರಾದಲ್ಲಿ ಇದೇ ಚಿತ್ರಕ್ಕೆ ಬೇರೆ ಮ್ಯಾಕ್ರೋ ಲೆನ್ಸು, ಸಾಕಷ್ಟು ತಾಳ್ಮೆ ಎರಡೂ ಬೇಕು. ತೊಡಕೊಂದಿದೆ: ಒಂದು ಸೆಂಟಿಮೀಟರ್ ದೂರದಲ್ಲಿ ಕ್ಯಾಮೆರಾದ ನೆರಳೇ ಕಪ್ಪೆಯ ಮೇಲೆ ಬೀಳುತ್ತದೆ. ಇದಕ್ಕೆಂದೇ ಲೆನ್ಸಿನ ಸುತ್ತ ಸಿಕ್ಕಿಸುವ ಪ್ಲಾಸ್ಟಿಕ್ ಉಂಗುರವೊಂದು ಪ್ರತ್ಯೇಕವಾಗಿ ಸಿಗುತ್ತದೆ. ಬಾಡಿಯಲ್ಲಿರುವ ಪುಟ್ಟ ಎಲ್‌ಇಡಿಯ ಬೆಳಕನ್ನು ಹೀರಿಕೊಂಡು ಸುತ್ತಲೂ ಹರಡುವುದಷ್ಟೇ ಅದರ ಕೆಲಸ. ಜೀವಿಗಳನ್ನು ಹುಡುಕಿಕೊಂಡು ಹೊಳೆ, ಗದ್ದೆ ಸುತ್ತುವವರಿಗೆ ಜಿಪಿಎಸ್, ಉಷ್ಣಾಂಶ, ಆಳ ಎಲ್ಲವನ್ನೂ ಫೋಟೊ ಜತೆಗೇ ದಾಖಲಿಸುವ ಟಿಜಿ-7ರ ಗುಣವೂ ಉಪಯೋಗಕ್ಕೆ ಬರುತ್ತದೆ.

ನೀರಿನ ವಿಷಯದಲ್ಲಿ ಜನ ಹೆಚ್ಚು ಮೋಸಹೋಗುವುದು ಪದಗಳಿಂದ. ‘ವೆದರ್ ಸೀಲ್ಡ್’ ಬೇರೆ, ‘ವಾಟರ್‌ಪ್ರೂಫ್’ ಬೇರೆ. ಓಎಂ-1ರದು ಐಪಿ53 ದರ್ಜೆ. ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. ಮೂರು ಎಂದರೆ ನೇರ ಮೇಲಿನಿಂದ 60 ಡಿಗ್ರಿಯವರೆಗೆ ಓರೆಯಾಗಿ ಬೀಳುವ ಸಿಂಪಡಿಕೆಯನ್ನು ತಾಳುತ್ತದೆ ಎಂದರ್ಥ. ಅದೂ ಲೆನ್ಸಿಗೆ ಅಂಥದ್ದೇ ರಕ್ಷಣೆ ಇದ್ದಾಗ ಮಾತ್ರ. ಮಳೆಯಲ್ಲಿ ನೆನೆಯಬಹುದು, ಬಕೆಟ್ಟಿನಲ್ಲಿ ಮುಳುಗಿಸುವಂತಿಲ್ಲ. ಟಿಜಿ-7 ಹಾಗಲ್ಲ, 15 ಮೀಟರ್ ಆಳಕ್ಕೆ ಹಾಗೆಯೇ ಇಳಿಯುತ್ತದೆ. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುವುದರಿಂದ ಆ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದೂವರೆ ಕಿಲೋ ಭಾರ. ಕ್ಯಾಮೆರಾದ ಬೆನ್ನಿನ ವಿಸ್ತೀರ್ಣ ಸುಮಾರು 75 ಚದರ ಸೆಂಟಿಮೀಟರ್. ಗುಣಿಸಿದರೆ 110 ಕಿಲೋ ದಾಟುತ್ತದೆ: ಎರಡು ಸಿಮೆಂಟ್ ಚೀಲಗಳನ್ನು ಅದರ ಮೇಲೆ ಹೇರಿದ ಹಾಗೆ.

ಇಷ್ಟೆಲ್ಲ ಒತ್ತಡವನ್ನು ತಡೆಯುವುದು ಬ್ಯಾಟರಿ ಮುಚ್ಚಳದ ಒಳಅಂಚಿನಲ್ಲಿರುವ ತೆಳುವಾದ ರಬ್ಬರ್ ಗ್ಯಾಸ್ಕೆಟ್. ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಸವೆದಾಗ ಏನಾಗುತ್ತದೆಂದು ಅಡುಗೆಮನೆ ಬಲ್ಲವರಿಗೆ ಹೇಳಬೇಕಿಲ್ಲ. ಇಲ್ಲಿ ಸವೆಯಬೇಕಾಗಿಯೂ ಇಲ್ಲ. ಒಂದು ತಲೆಗೂದಲು, ಒಂದು ಮರಳಿನ ಹರಳು, ಟವೆಲ್ಲಿನ ಒಂದು ನೂಲು ಗ್ಯಾಸ್ಕೆಟ್‌ಗೆ ಅಡ್ಡ ಮಲಗಿದ್ದರೆ ಸಾಕು, ಅದರ ಪಕ್ಕದಲ್ಲಿ ಉಳಿದ ಸಂದಿನಿಂದ ನೀರು ದಾರಿ ಮಾಡಿಕೊಳ್ಳುತ್ತದೆ. ಮುಚ್ಚಳ ಹಾಕಿ ‘ಟಕ್’ ಎಂದ ಮೇಲೂ ಚಿಲಕವನ್ನು ಪೂರ್ತಿ ಸರಿಸಬೇಕು. ಆಗಷ್ಟೇ ಬೀಗ ಬಿದ್ದಂತೆ. ಕಡಲಿನಿಂದ ಬಂದ ಮೇಲೆ ಮುಚ್ಚಳ ತೆರೆಯುವ ಮೊದಲೇ ಸಿಹಿನೀರಿನಲ್ಲಿ ಅದ್ದಿಡುವುದು, ಒದ್ದೆ ಕೈಯಲ್ಲಿ ತೆರೆಯದಿರುವುದು, ಗ್ಯಾಸ್ಕೆಟ್ಟನ್ನು ವರ್ಷಕ್ಕೊಮ್ಮೆ ಬದಲಿಸುವುದು ಇಂಥ ಕ್ಯಾಮೆರಾದ ದಿನಚರಿ. ಅದಕ್ಕೆ ಒಪ್ಪದವರ ಕೈಯಲ್ಲಿ ವಾಟರ್‌ಪ್ರೂಫ್ ಎಂಬ ಮಾತು ಹೆಚ್ಚು ದಿನ ನಿಲ್ಲುವುದಿಲ್ಲ.

ನೀರೊಳಗೆ ಇಳಿದ ಮೇಲೆ ಬಣ್ಣ ಕೈಕೊಡುತ್ತದೆ. ನೀರು ಮೊದಲು ಕೆಂಪನ್ನು ನುಂಗುತ್ತದೆ. ಕೆಲವೇ ಮೀಟರ್ ಆಳದಲ್ಲಿ ಕೆಂಪು ಮೀನು ಬೂದಿಬಣ್ಣಕ್ಕೆ ತಿರುಗಿರುತ್ತದೆ. ಟಿಜಿ-7ರಲ್ಲಿ ಇದನ್ನು ಸರಿದೂಗಿಸುವ ನೀರೊಳಗಿನ ಮೋಡುಗಳಿವೆ, ರಾ ಫೈಲಿನಲ್ಲಿ ತೆಗೆದರೆ ಆಮೇಲೆ ಕಂಪ್ಯೂಟರಿನಲ್ಲೂ ತಿದ್ದಬಹುದು. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಬಳಿ ಸ್ನಾರ್ಕೆಲ್ ಹಾಕಿ ಮೇಲ್ಮೈಯಲ್ಲಿ ತೇಲುವವರಿಗೆ ಈ ಕ್ಯಾಮೆರಾ ಧಾರಾಳ. ಸ್ಕೂಬಾ ಕಲಿತವರಿಗೆ ಮೊದಲ ಹಂತದ ಪ್ರಮಾಣಪತ್ರದಲ್ಲೇ 18 ಮೀಟರ್‌ವರೆಗೆ ಇಳಿಯಲು ಅವಕಾಶ ಇರುವುದರಿಂದ ಅಲ್ಲಿ ಇದಕ್ಕೂ ಹೊರಗವಚ ಬೇಕಾಗುತ್ತದೆ.

ಮಲೆನಾಡು, ಕರಾವಳಿಯವರಿಗೆ ನೀರಿಗಿಂತ ದೊಡ್ಡ ಶತ್ರು ತೇವ. ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬರುವ ಬೂಷ್ಟು ಲೆನ್ಸಿನ ಗಾಜಿಗೂ ಬರುತ್ತದೆ, ಜೇಡರ ಬಲೆಯಂತೆ ಒಳಗೊಳಗೇ ಹಬ್ಬುತ್ತದೆ. ಬಾಯಿ ತೆರೆಯುವ ಕ್ಯಾಮೆರಾ ಕೊಂಡವರು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬವನ್ನೋ ಡ್ರೈ ಕ್ಯಾಬಿನೆಟ್ಟನ್ನೋ ಲೆನ್ಸಿನ ಖರ್ಚಿನ ಜತೆಗೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು. ಮುಚ್ಚಿದ ಕ್ಯಾಮೆರಾಕ್ಕೆ ಈ ಕಾಟ ಕಡಿಮೆ. ಆದರೆ ಜುಲೈನ ತೇವದ ಗಾಳಿಯಲ್ಲಿ ಬ್ಯಾಟರಿ ಬದಲಿಸಿ ಮುಚ್ಚಿದರೆ ಆ ಗಾಳಿಯೂ ಒಳಗೆ ಸೆರೆಯಾಗುತ್ತದೆ. ತಣ್ಣನೆಯ ಹೊಳೆಗೆ ಇಳಿಸಿದಾಗ ಅದೇ ಮಂಜಾಗಿ ಗಾಜಿನ ಮೇಲೆ ಕೂರಬಹುದು.

ಇವೆರಡರ ನಡುವೆ ಮೊಬೈಲ್ ಫೋನ್ ಬಂದು ಕೂತಿದೆ. ಐಪಿ68 ದರ್ಜೆಯ ಫೋನು ನೀರಿಗೆ ಬಿದ್ದರೂ ಬದುಕೀತು. ಆದರೆ ಆ ದರ್ಜೆಯ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ; ಉಪ್ಪುನೀರಿಗೆ ಅದು ಭರವಸೆಯಲ್ಲ. ಟಚ್‌ಸ್ಕ್ರೀನ್ ನೀರೊಳಗೆ ಬೆರಳಿನ ಮಾತು ಕೇಳುವುದೂ ಇಲ್ಲ. ಟಿಜಿ-7ರ ಗುಂಡಿಗಳು ನೀರೊಳಗೂ ಮಾತು ಕೇಳುತ್ತವೆ, 2.1 ಮೀಟರ್ ಎತ್ತರದಿಂದ ಬಿದ್ದರೂ ಅದಕ್ಕೆ ಏನೂ ಆಗುವುದಿಲ್ಲ ಎಂಬುದು ತಯಾರಕರ ಮಾತು. ವಾಟರ್‌ಪ್ರೂಫ್ ಕಾಂಪ್ಯಾಕ್ಟ್‌ಗಳ ಸಾಲೇ ಕರಗುತ್ತಿರುವಾಗಲೂ ಇದು ಉಳಿದಿರುವುದಕ್ಕೆ ಬಹುಶಃ ಇವೇ ಕಾರಣ.

ತೆರೆಯಲೂ ಬರುವ, ಮುಳುಗಿಸಲೂ ಬರುವ ಕ್ಯಾಮೆರಾ ಮಾಡಲಾಗದೇ ಎಂದರೆ, ಅಂಥದ್ದು ಆಗಿಹೋಗಿದೆ. ಬೆಲ್ಜಿಯಂನ ಎಂಜಿನಿಯರ್ ಜಾನ್ ದ ವೌಟರ್ಸ್, ಕಡಲ ಸಂಶೋಧಕ ಜಾಕ್ ಕೂಸ್ತೋ ಜತೆಗೂಡಿ ರೂಪಿಸಿದ ಕ್ಯಾಲಿಪ್ಸೊ ಎಂಬ ಫಿಲ್ಮ್ ಕ್ಯಾಮೆರಾವನ್ನು ನಿಕಾನ್ 1963ರಲ್ಲಿ ನಿಕೊನೋಸ್ ಎಂಬ ಹೆಸರಿನಲ್ಲಿ ತಂದಿತು. ಲೆನ್ಸುಗಳಿಗೂ ರಬ್ಬರ್ ಬಳೆ ಇದ್ದ ಆ ವಂಶ 2001ರವರೆಗೆ ಬಾಳಿತು. ಆದರೆ ಮುಳುಗಿದ್ದಾಗ ಅದರ ಲೆನ್ಸನ್ನೂ ಬದಲಿಸುವಂತಿರಲಿಲ್ಲ. 2013ರಲ್ಲಿ ನಿಕಾನ್ ಮತ್ತೊಮ್ಮೆ ಕೈಹಾಕಿತು: ನಿಕಾನ್ 1 ಎಡಬ್ಲ್ಯು1 ಎಂಬ ಮಿರರ್‌ಲೆಸ್ 15 ಮೀಟರಿಗೆ ಇಳಿಯುತ್ತಿತ್ತು, ಲೆನ್ಸೂ ಕಳಚುತ್ತಿತ್ತು. ಆದರೆ ನೀರಿಗೆ ಒಗ್ಗುವ ಲೆನ್ಸುಗಳು ಎರಡೇ ಬಂದವು. 2018ರಲ್ಲಿ ಆ ಇಡೀ ಸರಣಿಯನ್ನೇ ಕಂಪನಿ ನಿಲ್ಲಿಸಿತು.

ಈಗ ದೊಡ್ಡ ಸೆನ್ಸರನ್ನು ಕಡಲಿಗಿಳಿಸಬೇಕೆನ್ನುವವರು ಅಕ್ರಿಲಿಕ್ ಅಥವಾ ಅಲ್ಯೂಮಿನಿಯಂ ಹೌಸಿಂಗಿನೊಳಗೆ ಮಿರರ್‌ಲೆಸ್ಸನ್ನು ಕೂರಿಸುತ್ತಾರೆ. ಚಪ್ಪಟೆ ಗಾಜಿನ ಹಿಂದಿನಿಂದ ನೋಡಿದರೆ ನೀರಿನಲ್ಲಿ ಬಾಗುವ ಬೆಳಕು ವಸ್ತುವನ್ನು ಹತ್ತಿರ ತಂದು ನೋಟದ ಅಗಲವನ್ನು ಕಡಿಮೆ ಮಾಡುತ್ತದೆ. ಅದಕ್ಕಾಗಿ ಅಗಲನೋಟದ ಲೆನ್ಸಿಗೆ ಮುಂದುಗಡೆ ಗುಮ್ಮಟದಂಥ ಗಾಜು. ಒಳ್ಳೆಯ ಹೌಸಿಂಗಿನ ಬೆಲೆ ಹಲವು ಸಲ ಕ್ಯಾಮೆರಾದ ಬೆಲೆಯನ್ನೇ ಮೀರಿಸುತ್ತದೆ. ಅದರ ಬಾಯಿಗೂ ಒಂದು ರಬ್ಬರ್ ಬಳೆ ಇರುತ್ತದೆ. ದೋಣಿಯಿಂದ ಧುಮುಕುವ ಮುನ್ನ ಅದನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ, ಕೂದಲೇನಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡಲೇಬೇಕು.