ಎಂಟು ತೀರ್ಥಗಳ ಗಾಣಗಾಪುರ

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಬರುವ ಬಹುಪಾಲು ಯಾತ್ರಿಕರು ಎರಡೇ ಜಾಗ ನೋಡುತ್ತಾರೆ. ಭೀಮಾ–ಅಮರ್ಜಾ ಸಂಗಮಕ್ಕೆ ಹೋಗಿ ಒಂದು ಮುಳುಗು ಹಾಕಿ, ಔದುಂಬರದ ಮರಕ್ಕೆ ಪ್ರದಕ್ಷಿಣೆ ಬಂದು, ಆಟೊ ಹಿಡಿದು ಊರಿಗೆ ಮರಳಿ ನಿರ್ಗುಣ ಮಠದಲ್ಲಿ ಪಾದುಕೆಗಳ ದರ್ಶನ ಪಡೆದರೆ ಯಾತ್ರೆ ಮುಗಿಯಿತು. ಸಂಜೆಯೊಳಗೆ ಅಕ್ಕಲಕೋಟೆಯನ್ನೋ ಸೊಲ್ಲಾಪುರವನ್ನೋ ಮುಟ್ಟುವ ಅವಸರ. ಆದರೆ ಈ ಊರನ್ನು ಹೇಗೆ ನೋಡಬೇಕು, ಎಲ್ಲಿಂದ ಹೊರಟು ಎಲ್ಲಿಗೆ ಮುಗಿಸಬೇಕು ಎಂಬುದನ್ನು ಸುಮಾರು ಐದು ಶತಮಾನಗಳ ಹಿಂದೆಯೇ ಒಬ್ಬರು ಬರೆದಿಟ್ಟಿದ್ದಾರೆ. ಸರಸ್ವತಿ ಗಂಗಾಧರರ ‘ಗುರುಚರಿತ್ರೆ’ಯ 49ನೆಯ ಅಧ್ಯಾಯವನ್ನು ಭಕ್ತರು ಪಾರಾಯಣಕ್ಕೆಂದು ಓದುತ್ತಾರೆ. ಅದನ್ನು ಕೈಯಲ್ಲಿ ಹಿಡಿದು ನಡೆದರೆ ಈ ನೆಲದ ದಾರಿಯನ್ನೂ ಅದು ತೋರಿಸುತ್ತದೆ.

ಊರಿನ ಕಥೆ ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿಯವರಿಂದ ಶುರುವಾಗುತ್ತದೆ. ಇಂದಿನ ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಕಾರಂಜಾದಲ್ಲಿ ಹುಟ್ಟಿ, ಕಾಶಿಯಲ್ಲಿ ಸನ್ಯಾಸ ಪಡೆದು, ಕೃಷ್ಣಾ–ಪಂಚಗಂಗಾ ಸಂಗಮದ ನರಸೋಬಾವಾಡಿಯಲ್ಲಿ ಹನ್ನೆರಡು ವರ್ಷ ಇದ್ದು, ಆಮೇಲೆ ಭೀಮಾತೀರಕ್ಕೆ ಬಂದವರು. ಸಂಪ್ರದಾಯ ಅವರ ಕಾಲವನ್ನು ಕ್ರಿ.ಶ. 1378ರಿಂದ 1459 ಎಂದು ಎಣಿಸುತ್ತದೆ. ಬದುಕಿನ ಕೊನೆಯ ಎರಡು ದಶಕಗಳಿಗೂ ಹೆಚ್ಚು ಕಾಲ ಇಲ್ಲೇ ಇದ್ದು, ಮಾಘ ಬಹುಳ ಪಾಡ್ಯದಂದು ಹೂವಿನ ಆಸನದ ಮೇಲೆ ಕುಳಿತು ಹೊಳೆಯ ದಾರಿಯಾಗಿ ಶ್ರೀಶೈಲದ ಕದಳೀವನಕ್ಕೆ ಹೊರಟುಹೋದರು ಎನ್ನುತ್ತದೆ ಗುರುಚರಿತ್ರೆ. ಆ ಪಾಡ್ಯವೇ ಇಂದಿನ ಗುರುಪ್ರತಿಪದೆ. ಹೊರಡುವಾಗ ಬಿಟ್ಟುಹೋದ ಪಾದುಕೆಗಳನ್ನು ಮಠದ ಒಳಕೋಣೆಯಲ್ಲಿ ಚಿಕ್ಕ ಕಿಂಡಿಯ ಮೂಲಕ ನೋಡಬೇಕು. ಅವಕ್ಕೆ ನೀರಿನ ಅಭಿಷೇಕವಿಲ್ಲ; ಅಷ್ಟಗಂಧ, ಕೇಸರಿಯ ಲೇಪ ಮಾತ್ರ.

ಗುರುಗಳು ಮಠದಲ್ಲಿ ತಮ್ಮನ್ನು ಕಟ್ಟಿಹಾಕಿಕೊಂಡು ಕುಳಿತವರಲ್ಲ. ಬೆಳಿಗ್ಗೆ ಅನುಷ್ಠಾನಕ್ಕೆ ಸಂಗಮಕ್ಕೆ ನಡೆದುಹೋಗುವುದು, ಮಧ್ಯಾಹ್ನ ಮಠಕ್ಕೆ ಮರಳುವುದು ಅವರ ದಿನನಿತ್ಯದ ಕ್ರಮ. ಮಠಕ್ಕೂ ಸಂಗಮಕ್ಕೂ ನಡುವೆ ಸುಮಾರು ಮೂರು ಕಿಲೋಮೀಟರ್. ಗಾಣಗಾಪುರದ ಹುರುಳು ಇರುವುದು ಈ ಮೂರು ಕಿಲೋಮೀಟರಿನಲ್ಲೇ ಎಂದು ನನ್ನ ನಂಬಿಕೆ. ಆಟೊದಲ್ಲಿ ಹತ್ತು ನಿಮಿಷಕ್ಕೆ ದಾಟಿಬಿಡುವ ದಾರಿ ಅದಲ್ಲ.

ಆ ದಾರಿಯಲ್ಲಿ ವಿಶ್ರಾಂತಿ ಕಟ್ಟೆ ಸಿಗುತ್ತದೆ. ಗುರುಗಳು ಹೋಗಿಬರುವಾಗ ಕುಳಿತು ದಣಿವಾರಿಸಿಕೊಳ್ಳುತ್ತಿದ್ದ ಜಾಗವೆಂದು ಹೆಸರು. ಇದೇ ದಾರಿಗೆ ಸೇರಿದ ಕಥೆ ಪರ್ವತೇಶ್ವರನೆಂಬ ಒಕ್ಕಲಿಗನದು. ಗುರುಗಳು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೊಲದಿಂದ ಓಡಿಬಂದು ಅಡ್ಡಬೀಳುವುದು ಅವನ ನೇಮ. ಒಂದು ದಿನ ಗುರುಗಳು ನಿಂತು, ನಿನಗೇನು ಬೇಕೆಂದು ಕೇಳಿದರು. ಅವನು ಬೇಡಿದ್ದು ಮೋಕ್ಷವನ್ನಲ್ಲ. ಹೊಲದ ಜೋಳ ಚೆನ್ನಾಗಿ ಬರಲಿ ಎಂದ. ಹಾಗಾದರೆ ನಾನು ಸಂಗಮದಿಂದ ಮರಳುವಷ್ಟರಲ್ಲಿ ಇಡೀ ಪೈರು ಕೊಯ್ದುಹಾಕು ಎಂದರು. ತೆನೆ ಇನ್ನೂ ಬಲಿತಿರಲಿಲ್ಲ. ಹೆಂಡತಿ ಮಕ್ಕಳು ಅತ್ತು ಅಡ್ಡಬಂದರು, ಊರಿನ ಅಧಿಕಾರಿಯವರೆಗೆ ದೂರು ಹೋಯಿತು. ಕಳೆದ ವರ್ಷದ ಎರಡರಷ್ಟು ಕಾಳು ಅಳೆದುಕೊಡುವೆನೆಂದು ಮಾತುಕೊಟ್ಟು ಅವನು ಕುಡುಗೋಲು ಹಾಕಿಯೇಬಿಟ್ಟ. ಮಧ್ಯಾಹ್ನ ಮರಳಿದ ಗುರುಗಳು, ಸುಮ್ಮನೆ ವಿನೋದಕ್ಕೆ ಹೇಳಿದ್ದಲ್ಲವೇ ಎಂದರಂತೆ. ನಿಮ್ಮ ಮಾತೇ ನನಗೆ ಫಲ ಎಂದ ಅವನು. ಕೆಲವೇ ದಿನಗಳಲ್ಲಿ ಹವೆ ಕೆಟ್ಟು ಸುತ್ತಲಿನ ಬೆಳೆಯೆಲ್ಲ ಹಾಳಾದಾಗ, ಕೊಯ್ದ ಕೂಳೆಗಳಿಂದ ಹೊಸ ಚಿಗುರೊಡೆದು ಅವನ ಹೊಲ ಮಾತ್ರ ತೆನೆ ತುಂಬಿ ನಿಂತಿತು.

ಪವಾಡದ ಮಾತು ಅವರವರ ನಂಬಿಕೆಗೆ ಬಿಟ್ಟದ್ದು. ಆದರೆ ಒಂದು ಧರ್ಮಗ್ರಂಥದೊಳಗೆ ಭೀಮಾತೀರದ ಎರೆಮಣ್ಣು, ಬಿಳಿಜೋಳ, ಗೇಣಿ ಕೊಡುವ ರೈತನ ಆತಂಕ ಇಷ್ಟು ಹತ್ತಿರದಿಂದ ಬಂದಿರುವುದು ನನ್ನನ್ನು ಪ್ರತಿ ಸಲ ಹಿಡಿದು ನಿಲ್ಲಿಸುತ್ತದೆ. ಹಿಂಗಾರಿಯಲ್ಲಿ ಈ ದಾರಿ ಹಿಡಿದವರಿಗೆ ಎಡಬಲದಲ್ಲಿ ಇವತ್ತಿಗೂ ಜೋಳದ ಹೊಲ ಕಾಣುತ್ತದೆ. ಕಬ್ಬು ಬಹಳಷ್ಟು ನೆಲವನ್ನು ಆಕ್ರಮಿಸಿದ್ದರೂ ಜೋಳ ಪೂರ್ತಿ ಬಿಟ್ಟುಕೊಟ್ಟಿಲ್ಲ.

ಇನ್ನು ಎಂಟು ತೀರ್ಥಗಳು. ದೀಪಾವಳಿಯ ನರಕ ಚತುರ್ದಶಿಯಂದು ಗಯಾ, ಪ್ರಯಾಗ, ಕಾಶಿಗಳ ಸ್ನಾನದ ಮಾತು ಬಂದಾಗ, ಅವೆಲ್ಲ ಇಲ್ಲಿಯೇ ಇವೆ, ಬನ್ನಿ ತೋರಿಸುತ್ತೇನೆ ಎಂದು ಗುರುಗಳೇ ಶಿಷ್ಯರನ್ನು ಕರೆದುಕೊಂಡು ಹೊರಟರು. ಭೀಮಾ–ಅಮರ್ಜಾ ಕೂಡುವಲ್ಲಿ ಷಟ್ಕುಲ ತೀರ್ಥ, ಅದು ಪ್ರಯಾಗಕ್ಕೆ ಸಮ. ಆಮೇಲೆ ನರಸಿಂಹ ತೀರ್ಥ. ಭಾಗೀರಥಿ ತೀರ್ಥ ಕಾಶಿ. ಪಾಪವಿನಾಶಿ ತೀರ್ಥದಲ್ಲಿ ಗುರುಗಳು ತಮ್ಮ ಪೂರ್ವಾಶ್ರಮದ ತಂಗಿ ರತ್ನಾಬಾಯಿಗೆ ಮೀಯಲು ಹೇಳಿ, ಅವಳ ಕುಷ್ಠ ಕಳೆದರು. ಕೋಟಿ ತೀರ್ಥ ದಾಟಿದರೆ ರುದ್ರಪಾದ ತೀರ್ಥ, ಅದು ಗಯಾ. ಚಕ್ರತೀರ್ಥ ದ್ವಾರಕೆ. ಕೊನೆಗೆ ಊರಿನ ಬಳಿ ಮನ್ಮಥ ತೀರ್ಥ. ಅಲ್ಲಿಯ ಕಲ್ಲೇಶ್ವರ ಗೋಕರ್ಣದ ಮಹಾಬಲೇಶ್ವರನಿಗೆ ಸಮ. ದೂರದ ಕಾಶಿಗೆ ಹೋಗಲು ಹಣವೂ ಇಲ್ಲದ, ಮರಳಿ ಬರುವ ಭರವಸೆಯೂ ಇಲ್ಲದ ಕಾಲದಲ್ಲಿ, ಊರಿನ ಬಡವನೊಬ್ಬ ಒಂದೇ ಬೆಳಗಿನಲ್ಲಿ ದೇಶವನ್ನೆಲ್ಲ ಸುತ್ತಿಬರುವಂತೆ ಮಾಡಿದ ಏರ್ಪಾಡಿದು. ಇದರ ಹಿಂದಿನ ಕರುಣೆ ನನಗೆ ಯಾವ ಪವಾಡಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ನೀರಿನ ದಂಡೆಯ ಊರೊಂದನ್ನು ಹೀಗೆ ಎಂಟಾಗಿ ಎಣಿಸಿ ನೋಡುವ ಪದ್ಧತಿ ಜಪಾನಿನಲ್ಲೂ ಇದೆ. ಆ ದೇಶದ ಅತಿ ದೊಡ್ಡ ಸರೋವರ ಬಿವಾ. ಅದರ ದಕ್ಷಿಣ ತುದಿಯಲ್ಲಿ ಓತ್ಸು ಪಟ್ಟಣ. ಓಮಿ ಆ ಸೀಮೆಯ ಹಳೆಯ ಹೆಸರು. ಅಲ್ಲಿಯ ‘ಓಮಿಯ ಎಂಟು ನೋಟಗಳು’ ಶತಮಾನಗಳಿಂದ ಹೆಸರಾದವು: ಇಶಿಯಾಮಾದ ಶರತ್ಕಾಲದ ಚಂದ್ರ, ಮೀ ದೇವಾಲಯದ ಸಂಜೆಯ ಗಂಟೆ, ಕರಸಾಕಿಯ ರಾತ್ರಿಮಳೆ, ಹೀರಾ ಬೆಟ್ಟದ ಮುಸ್ಸಂಜೆಯ ಹಿಮ, ಹೀಗೆ. ಚಿತ್ರಕಾರ ಹಿರೋಶಿಗೆ 1830ರ ದಶಕದಲ್ಲಿ ಇವನ್ನು ಮರದಚ್ಚಿನ ಚಿತ್ರಗಳಲ್ಲಿ ಮೂಡಿಸಿ ಮನೆಮನೆಗೆ ಮುಟ್ಟಿಸಿದ. ಇಶಿಯಾಮಾ ಮತ್ತು ಮೀ ಎರಡೂ ಕಾನೋನ್ ಬೋಧಿಸತ್ತ್ವನ 33 ದೇವಾಲಯಗಳ ಹಳೆಯ ಯಾತ್ರಾಪಥದ ನಿಲ್ದಾಣಗಳು. ಹಾಗಾಗಿ ಅಲ್ಲಿ ಯಾತ್ರಿಕ ಬೇರೆ, ಪ್ರವಾಸಿ ಬೇರೆ ಎಂಬುದಿಲ್ಲ. ಯಾವ ಹೊತ್ತಿನಲ್ಲಿ, ಯಾವ ಋತುವಿನಲ್ಲಿ ಒಂದು ಜಾಗವನ್ನು ನೋಡಬೇಕೆಂಬುದನ್ನೂ ಆ ಎಂಟರ ಪಟ್ಟಿ ಹೇಳುತ್ತದೆ. ನಮ್ಮ ಪಟ್ಟಿಯೂ ಹೇಳುತ್ತದೆ. ನಾವು ಅದನ್ನು ಹಾಗೆ ಓದುವುದನ್ನು ಬಿಟ್ಟಿದ್ದೇವೆ, ಅಷ್ಟೇ.

ಸಂಗಮದಲ್ಲಿ ನಿಂತು ನೋಡುವುದಕ್ಕೂ ಬಹಳವಿದೆ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು ಇಲ್ಲಿಗೆ ಬರುವ ಭೀಮೆಗೆ ಆಳಂದದ ಕಡೆಯಿಂದ ಹರಿದುಬಂದ ಅಮರ್ಜಾ ಸೇರುತ್ತದೆ. ದೇವತೆಗಳನ್ನು ಬದುಕಿಸಲು ಇಂದ್ರ ಒಯ್ಯುತ್ತಿದ್ದ ಅಮೃತದ ಹನಿ ಚೆಲ್ಲಿ ಈ ನದಿಯಾಯಿತು ಎಂದು ಪುರಾಣ. ಆಳಂದ ತಾಲ್ಲೂಕಿನ ಕೋರಳ್ಳಿ ಬಳಿ ಅಮರ್ಜಾಕ್ಕೆ ಅಣೆಕಟ್ಟಿದೆ. ಬೇಸಿಗೆಯಲ್ಲಿ ಅಮೃತದ ಹೊಳೆ ಬತ್ತುತ್ತದೆ. ಭೀಮೆಯದು ಇನ್ನೊಂದು ಬಗೆ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ದಂಡೆ ಮುಳುಗುತ್ತದೆ. 2020ರ ಅಕ್ಟೋಬರಿನ ನೆರೆಯನ್ನು ಈ ಸೀಮೆಯವರು ಇನ್ನೂ ಮರೆತಿಲ್ಲ. ಸಂಗಮದ ಹತ್ತಿರವೇ ಭಸ್ಮದ ಗುಡ್ಡ. ಹಿಂದಿನ ಯಜ್ಞಗಳ ಬೂದಿಯೆಂದು ನಂಬಿ ಯಾತ್ರಿಕರು ಅಲ್ಲಿಯ ಮಣ್ಣನ್ನು ವಿಭೂತಿಯಾಗಿ ಒಯ್ಯುತ್ತಾರೆ. ಮಿಂದವರು ಉಟ್ಟ ಬಟ್ಟೆಯನ್ನು ಹೊಳೆಗೆ ಬಿಡುವ ರೂಢಿಯೊಂದಿದೆ. ಅದನ್ನು ನಿಲ್ಲಿಸಲೇಬೇಕು. ಗುರುಗಳು ಪ್ರಯಾಗವೆಂದು ಕರೆದ ನೀರಿನಲ್ಲಿ ಹಳೆಯ ಸೀರೆ, ಪ್ಲಾಸ್ಟಿಕ್ ಚೀಲ ತೇಲುವುದು ನೋಡಲಾಗದ ಸಂಗತಿ.

ಮಧುಕರಿಯ, ಅಂದರೆ ಮನೆಮನೆಯ ಭಿಕ್ಷೆಯ ಮಾತು ಹೇಳದೆ ಗಾಣಗಾಪುರದ ಪರಿಚಯ ಪೂರ್ಣವಾಗದು. ದತ್ತಾತ್ರೇಯ ದಿನವೂ ಮಧ್ಯಾಹ್ನ ಯಾವುದೋ ರೂಪದಲ್ಲಿ ಇಲ್ಲಿಗೆ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಅದಕ್ಕೇ ಹನ್ನೆರಡರ ಹೊತ್ತಿಗೆ ಓಣಿಗಳಲ್ಲಿ ‘ಓಂ ಭವತಿ ಭಿಕ್ಷಾಂದೇಹಿ’ ಎಂಬ ದನಿ ಏಳುತ್ತದೆ. ಬೇಡುವವರಲ್ಲಿ ಕಾರಿನಲ್ಲಿ ಬಂದ ಪುಣೆಯ ವ್ಯಾಪಾರಿಯೂ ಇರುತ್ತಾನೆ, ನಡೆದುಬಂದ ಕೂಲಿಯವನೂ ಇರುತ್ತಾನೆ. ಐದು ಮನೆ ಬೇಡಬೇಕು. ರೊಟ್ಟಿ, ಪಲ್ಯ, ಅನ್ನ, ಸಾರು, ಯಾರೋ ಹರಕೆಯವರು ಮಾಡಿಸಿದ ಹುಗ್ಗಿ, ಕೊಟ್ಟದ್ದನ್ನು ಅಲ್ಲೇ ಉಣ್ಣಬೇಕು. ‘ತೊಗೋರಿ, ಇನ್ನೊಂದೀಟು ತೊಗೋರಿ’ ಎಂದು ಬಡಿಸುವವರು ಒತ್ತಾಯ ಮಾಡುತ್ತಾರೆ. ಬೇಡುವವನು ದೇವರೇ ಇರಬಹುದಾದ್ದರಿಂದ ಯಾರನ್ನೂ ಬರಿಗೈಯಲ್ಲಿ ಕಳಿಸುವಂತಿಲ್ಲ. ಹುಟ್ಟಾ ಕೈಯೊಡ್ಡಿ ಗೊತ್ತಿಲ್ಲದವರು ಮೊದಲ ಮನೆಯ ಮುಂದೆ ಹಿಂಜರಿಯುತ್ತಾರೆ. ಐದನೆಯ ಮನೆಯ ಹೊತ್ತಿಗೆ ಆ ಸಂಕೋಚ ಕರಗಿರುತ್ತದೆ. ದೊಡ್ಡ ಅನ್ನಛತ್ರಗಳಲ್ಲಿ ಸಾಲಾಗಿ ಕುಳಿತು ಉಣ್ಣುವಾಗ ಈ ಅನುಭವ ಸಿಗದು.

ಮಠದಲ್ಲಿ ಆರತಿಯ ಹೊತ್ತಿಗೆ ಮೈಮೇಲೆ ಬಂದವರಂತೆ ಕೂಗುವ, ಕಂಬ ಹಿಡಿದು ಒದ್ದಾಡುವ ರೋಗಿಗಳನ್ನೂ ಕಾಣಬೇಕಾಗುತ್ತದೆ. ಅವರು ನೋಟದ ವಸ್ತುಗಳಲ್ಲ. ದಯವಿಟ್ಟು ಮೊಬೈಲ್ ಎತ್ತಬೇಡಿ. ಗುರುವಿನ ಮೇಲೆ ಭಾರ ಹಾಕಿ ಬಂದ ಆ ಕುಟುಂಬಗಳಿಗೆ ಮನೋವೈದ್ಯರ ನೆರವೂ ಸಿಗಬೇಕು. ಒಂದರಿಂದ ಇನ್ನೊಂದಕ್ಕೆ ಕುಂದಿಲ್ಲ.

ಈ ಊರಿಗೆ ಎರಡು ನಾಲಿಗೆ. ಯಾತ್ರಿಕರಲ್ಲಿ ಮರಾಠಿಗರೇ ಹೆಚ್ಚು, ಊರವರು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಆಡುತ್ತಾರೆ. ಗುರುಚರಿತ್ರೆ ಮರಾಠಿ ಓವಿಯ ಗ್ರಂಥವಾದರೂ ಅದರೊಳಗೆ ಗುರುಸ್ತುತಿಯ ಅಚ್ಚಕನ್ನಡ ಪದಗಳಿವೆ; ಕನ್ನಡ ಬಾರದ ಮರಾಠಿ ಮನೆಗಳಲ್ಲೂ ಪಾರಾಯಣದಲ್ಲಿ ಅವನ್ನು ಭಕ್ತಿಯಿಂದ ಓದುತ್ತಾರೆ. ಭಾಷೆಯ ಗೆರೆಯಂತೆ ಮತದ ಗೆರೆಯನ್ನೂ ಗುರುಚರಿತ್ರೆ ದಾಟುತ್ತದೆ: ಗ್ರಂಥದ ಕೊನೆಯ ಭಾಗದಲ್ಲಿ ಬೀದರಿನ ಮುಸ್ಲಿಂ ಅರಸನೊಬ್ಬ ತೊಡೆಯ ಹುಣ್ಣಿಗೆ ಪರಿಹಾರ ಅರಸಿ ಗುರುಗಳನ್ನು ಹುಡುಕಿಕೊಂಡು ಇಲ್ಲಿಗೆ ಬಂದು, ಅದು ವಾಸಿಯಾದ ಮೇಲೆ ಅವರನ್ನು ಪಲ್ಲಕ್ಕಿಯಲ್ಲಿ ತನ್ನ ರಾಜಧಾನಿಗೆ ಕರೆದೊಯ್ಯುತ್ತಾನೆ.

ಸೊಲ್ಲಾಪುರ–ವಾಡಿ ರೈಲುಮಾರ್ಗದ ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದರೆ ಊರು ಸುಮಾರು 20 ಕಿಲೋಮೀಟರ್, ಕಲಬುರಗಿಯಿಂದ ಬಸ್ಸುಗಳಿವೆ. ಒಂದು ರಾತ್ರಿ ಉಳಿಯುವವರು ಮರುದಿನ ಇದೇ ತಾಲ್ಲೂಕಿನ, ಇದೇ ಹೊಳೆಯ ದಂಡೆಯ ಘತ್ತರಗಿ ಭಾಗ್ಯವಂತಿಯ ದರ್ಶನವನ್ನೂ ಮಾಡಬಹುದು. ದತ್ತ ಜಯಂತಿ, ಗುರುಪೂರ್ಣಿಮೆ, ಗುರುಪ್ರತಿಪದೆಗಳಲ್ಲಿ ಕಾಲಿಡಲು ಜಾಗವಿರದು. ಎಂಟು ತೀರ್ಥ ನಡೆಯುವ ಮನಸ್ಸಿದ್ದವರು ಜಾತ್ರೆಯಿಲ್ಲದ ದಿನ ನೋಡಿ, ದೀಪಾವಳಿಯಿಂದ ಮಾಘದವರೆಗಿನ ಚಳಿಯಲ್ಲಿ ಬರಲಿ. ಬೆಳಕು ಹರಿಯುವ ಮೊದಲೇ ಸಂಗಮದಲ್ಲಿದ್ದು, ದಾರಿ ಬಲ್ಲ ಊರವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೊರಡಿ. ನೆರಳು ಕಡಿಮೆ, ಕುಡಿಯುವ ನೀರು ಕೈಯಲ್ಲಿರಲಿ.