ಚೀಸ್ ಹೊದಿಕೆಯ ಸೀಸ, ತರಂಗಂಬಾಡಿಯ ಸತ್ಯವೇದ

ತಮಿಳುನಾಡಿನ ತರಂಗಂಬಾಡಿಯಲ್ಲಿರುವ ನ್ಯೂ ಜೆರುಸಲೇಮ್ ಚರ್ಚಿನ ಮುಂಗೋಡೆಯಲ್ಲಿ ಥಟ್ಟನೆ ಕಣ್ಣಿಗೆ ಬೀಳುವುದು ರಾಜಕಿರೀಟ. ಜೊತೆಗೆ ಡೆನ್ಮಾರ್ಕಿನ ನಾಲ್ಕನೇ ಫ್ರೆಡರಿಕ್‌ನ ಮುದ್ರೆ, 1718 ಎಂಬ ಇಸವಿ. ದೇವರ ಮನೆಗೆ ದೊರೆಯ ಮೊಹರು ಯಾಕೆ ಅಂದರೆ, ಸುಧಾರಕ ಲೂಥರನ ಹಾದಿ ಹಿಡಿದ ಲೂಥರನ್ ನಾಡುಗಳಲ್ಲಿ ಪೋಪ್ ಎದ್ದುಹೋದ ಜಾಗದಲ್ಲಿ ಬಹುಮಟ್ಟಿಗೆ ದೊರೆಯೇ ಬಂದು ಕೂತಿದ್ದ.

ಒಳಗೆ ವೇದಿಯ ಅಕ್ಕಪಕ್ಕದಲ್ಲಿ ಎರಡು ಸಮಾಧಿಗಳು. ಒಂದು ಜರ್ಮನ್ ಮಿಷನರಿ ಬಾರ್ಥೊಲೊಮೇಯಸ್ ಜೀಗನ್‌ಬಾಲ್ಗ್‌ನದು, ಇನ್ನೊಂದು ಅವನ ಸಂಗಡಿಗ ಗ್ರುಂಡ್ಲರ್‌ನದು. 1706ರ ಜುಲೈನಲ್ಲಿ ಈ ಡೇನಿಶ್ ಬಂದರಿಗೆ ಬಂದಿಳಿದಾಗ ಜೀಗನ್‌ಬಾಲ್ಗ್‌ಗೆ 25 ತುಂಬಿರಲಿಲ್ಲ. ತಾನು ಕಟ್ಟಿಸಿದ ಈ ಚರ್ಚಿನಲ್ಲಿ ಬೋಧಿಸಲು ಅವನಿಗೆ ಸಿಕ್ಕಿದ್ದು ಕೆಲವೇ ತಿಂಗಳು. 1719ರ ಫೆಬ್ರವರಿಯಲ್ಲಿ ತೀರಿಕೊಂಡ.

ಅಷ್ಟರೊಳಗೆ ತಮಿಳು ಹೊಸ ಒಡಂಬಡಿಕೆ ಅಚ್ಚಾಗಿತ್ತು. ಅದರ ಹಿಂದಿನ ಪಡಿಪಾಟಲು ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯಿಲ್ಲ. ಲಂಡನ್ನಿನ ಧರ್ಮಪ್ರಚಾರ ಸಂಘವೊಂದು ಕಳಿಸಿದ ಮುದ್ರಣಯಂತ್ರ ಹೊತ್ತ ಹಡಗು ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿತು. ಮುದ್ರಕ ಇಲ್ಲಿಗೆ ತಲುಪುವ ಮೊದಲೇ ತೀರಿಹೋದ. 1712ರಲ್ಲಿ ಯಂತ್ರವಷ್ಟೇ ಬಂತು. ಮರುವರ್ಷ ಜರ್ಮನಿಯ ಹಾಲೆಯಿಂದ ತಮಿಳು ಅಚ್ಚುಮೊಳೆಗಳು ಬಂದವು. ನೋಡಿದರೆ ತೀರಾ ದಪ್ಪ! ಆ ಗಾತ್ರದಲ್ಲಿ ಅಚ್ಚು ಹಾಕಿದ್ದರೆ ಇದ್ದಬದ್ದ ಕಾಗದವೆಲ್ಲ ಅರ್ಧ ದಾರಿಯಲ್ಲೇ ಮುಗಿಯುತ್ತಿತ್ತು. ಸಣ್ಣ ಮೊಳೆ ಎರಕ ಹೊಯ್ಯೋಣವೆಂದರೆ ಸೀಸ ಎಲ್ಲಿಂದ ತರುವುದು? ಲಂಡನ್ನಿನಿಂದ ಬಂದಿದ್ದ ಚೆಶರ್ ಚೀಸ್‌ನ ಹೊದಿಕೆಗಳಲ್ಲಿ ಸೀಸವಿತ್ತು. ಅದನ್ನೇ ಕರಗಿಸಿದರು. ಚೀಸನ್ನು ಯಾರು ತಿಂದರೋ, ತಮಿಳು ಸತ್ಯವೇದಕ್ಕೆ ಹೀಗೆ ಸಣ್ಣ ಅಕ್ಷರ ಹುಟ್ಟಿತು. ಸುವಾರ್ತೆಗಳು 1714ರಲ್ಲಿ, ಪೂರ್ತಿ ಹೊಸ ಒಡಂಬಡಿಕೆ 1715ರಲ್ಲಿ ಹೊರಬಂದವು.

ಇಷ್ಟೆಲ್ಲ ಹಟಕ್ಕೆ ಕಾರಣ ಲೂಥರನರ ಮೂಲ ನಂಬಿಕೆಯೇ. ಮನುಷ್ಯನನ್ನು ಉಳಿಸುವುದು ಪುಣ್ಯಕಾರ್ಯದ ಲೆಕ್ಕವಲ್ಲ, ದೇವರ ಕೃಪೆ. ಅದನ್ನು ಪಡೆಯುವುದು ವಿಶ್ವಾಸದಿಂದ. ಎಲ್ಲಕ್ಕೂ ಪ್ರಮಾಣ ಸತ್ಯವೇದ. ಪ್ರಮಾಣಗ್ರಂಥವೇ ಜನರ ನುಡಿಯಲ್ಲಿ ಇಲ್ಲದಿದ್ದರೆ ಉಳಿದದ್ದೆಲ್ಲ ಗಾಳಿಮಾತಾಗುತ್ತಿತ್ತು.

ಹಾಗೆಂದು ಹಳೆಯದನ್ನೆಲ್ಲ ಗುಡಿಸಿ ಹಾಕುವ ಜಾಯಮಾನ ಇವರದಲ್ಲ. ಶಿಲುಬೆ, ಮೇಣದಬತ್ತಿ, ನಿಲುವಂಗಿ ಎಲ್ಲವೂ ಉಳಿದಿವೆ. ಕೂಸುಗಳಿಗೂ ದೀಕ್ಷಾಸ್ನಾನವಿದೆ, ದೊಡ್ಡವರಾಗುತ್ತ ಆ ಮಕ್ಕಳು ಲೂಥರ್ 1529ರಲ್ಲಿ ಬರೆದ ಸಣ್ಣ ಪ್ರಶ್ನೋತ್ತರ ಪುಸ್ತಕ ಕಲಿತು ದೃಢೀಕರಣ ಪಡೆಯುತ್ತಾರೆ. ಆರಾಧನೆ ಪಾಪದ ಅರಿಕೆಯಿಂದ ಆರಂಭ. ಸಭಾಪಾಲಕರು ಕ್ಷಮೆ ಸಾರಿದ ಮೇಲೆ ಪಾಠಗಳು, ವಿಶ್ವಾಸಪ್ರಮಾಣ, ಪ್ರಸಂಗ, ಕೊನೆಗೆ ಕರ್ತನ ಭೋಜನ. ಹಾಡಿನ ವಿಷಯದಲ್ಲಂತೂ ತಮಿಳು ಸಭೆಗಳವರು ಭಾಗ್ಯವಂತರು: ಜರ್ಮನ್ ಧಾಟಿಗಳ ಪಕ್ಕದಲ್ಲೇ ತಂಜಾವೂರಿನ ವೇದನಾಯಗಂ ಶಾಸ್ತ್ರಿಯ ಕೀರ್ತನೆಗಳೂ ಇವೆ.

ಆ ಭೋಜನದ ರೊಟ್ಟಿ, ದ್ರಾಕ್ಷಾರಸದ ಬಗ್ಗೆ ಮಾತ್ರ ರಾಜಿಯಿಲ್ಲ. ರೊಟ್ಟಿ ರೊಟ್ಟಿಯಾಗಿಯೇ ಇರುತ್ತದೆ, ಆದರೂ ಕ್ರಿಸ್ತನ ದೇಹ ಅದರಲ್ಲಿ ನಿಜವಾಗಿ ಇದೆ. 1529ರಲ್ಲಿ ಮಾರ್ಬುರ್ಗ್‌ನಲ್ಲಿ ಇದು ಬರೀ ಸಂಕೇತವೆಂದು ಸ್ವಿಸ್ ಸುಧಾರಕ ಜ್ವಿಂಗ್ಲಿ ವಾದಿಸಿದಾಗ, ಲೂಥರ್ ‘ಇದು ನನ್ನ ದೇಹ’ ಎಂಬ ಕ್ರಿಸ್ತನ ಮಾತನ್ನು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದಿಟ್ಟುಕೊಂಡೇ ಕೂತಿದ್ದನಂತೆ.

ಕೃಪೆಗೆ ಭೇದವಿಲ್ಲ ಎಂದ ಈ ಚರ್ಚಿನ ಒಳಗೆ ಕೂರುವ ಜಾಗಕ್ಕೆ ಮಾತ್ರ ಭೇದವಿತ್ತು. ಮೇಲ್ಜಾತಿಯಿಂದ ಬಂದವರು ಒಂದು ಕಡೆ, ದಲಿತರು ಇನ್ನೊಂದು ಕಡೆ. 1833ರಲ್ಲಿ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ತನ್ನ ಸಭೆಗಳಲ್ಲಿ ಜಾತಿ ಕೂಡದೆಂದು ಆಜ್ಞೆ ಹೊರಡಿಸಿದ. ಆಮೇಲೆ ಬಂದ ಲೈಪ್‌ಜಿಗ್‌ನ ಲೂಥರನರೋ, ಅದು ಸಾಮಾಜಿಕ ಪದ್ಧತಿ ಎಂದು ಸಹಿಸಿಕೊಂಡರು. ಸೀಮೆಸುಣ್ಣದ ಅಕ್ಷರಕ್ಕಾಗಿ ಜಗ್ಗದೆ ನಿಂತವರ ವಾರಸುದಾರರು ಜಾತಿಯ ಮುಂದೆ ಇಷ್ಟು ಸಲೀಸಾಗಿ ಬಾಗಿದ್ದು ಒಪ್ಪುವ ಮಾತಲ್ಲ.

ಲೂಥರನರು ಕನ್ನಡನಾಡಿಗೂ ಬಂದರು: ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರಲ್ಲಿ ಲೂಥರನರೂ ಇದ್ದರು, ಜ್ವಿಂಗ್ಲಿಯ ಕಡೆಯವರೂ ಇದ್ದರು. ಅವರು ಕಟ್ಟಿದ ಸಭೆಗಳು ಬಹುಪಾಲು ಈಗ ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ಆದ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐನಲ್ಲಿವೆ. ತರಂಗಂಬಾಡಿಯ ಲೂಥರನರು ಆ ಒಕ್ಕೂಟಕ್ಕೆ ಸೇರಲಿಲ್ಲ. 1919ರಲ್ಲಿ ರೂಪುಗೊಂಡ ತಮಿಳು ಇವ್ಯಾಂಜೆಲಿಕಲ್ ಲೂಥರನ್ ಚರ್ಚಿನಲ್ಲೇ ಉಳಿದರು. ಅದೇ ಊರಿನಲ್ಲಿ ಡೇನರು 1701ರಲ್ಲಿ ಪ್ರತಿಷ್ಠಾಪಿಸಿದ ಜಯನ್ ಚರ್ಚ್ ಮಾತ್ರ ಇಂದು ಸಿಎಸ್‌ಐನದು.