‘ಹೆಂಗೈತಿ ಸಿನಿಮಾ?’ ಹೊಳೆ ಆಚೆಯಿಂದ ಬಂದ ಫೋನು

ಈ ಕಡೆ ನಮ್ಮ ಜುಗೂಳ, ಕೃಷ್ಣಾ ಹೊಳೆ ಆಚೆ ಖಿದ್ರಾಪುರ, ಅಂದ್ರೆ ಮಹಾರಾಷ್ಟ್ರ. ಹಂಗಾಗಿ ನಮ್ಮಲ್ಲಿ ಸಿನಿಮಾ ಜಗಳ ಎರಡು ಭಾಷೆಯಲ್ಲಿ ನಡೀತದ.

2016ರಲ್ಲಿ ನಾಗರಾಜ ಮಂಜುಳೆ ಅವರ ‘ಸೈರಾಟ್’ ಬಂತು. ಮರುವರ್ಷ ಕನ್ನಡದಾಗ ಅದೇ ‘ಮನಸು ಮಲ್ಲಿಗೆ’ ಆಯ್ತು, ನಾಯಕಿನೂ ಅದೇ ರಿಂಕು ರಾಜಗುರು. ರೀಮೇಕ್ ಲೆಕ್ಕ ಸರಳ: ಮೂಲ ನೋಡದವರಿಗೆ ಕಥೆ ಹೊಸದು. ಆದ್ರ ಗಡಿಯಲ್ಲಿ ಮೂಲ ನೋಡದವರನ್ನ ಹುಡುಕಿ ತರಬೇಕು!

‘ಕಾಂತಾರ’ ಉಲ್ಟಾ. ಕನ್ನಡದಲ್ಲಿ 2022ರ ಸೆಪ್ಟೆಂಬರ್ 30ಕ್ಕೆ ಬಂತು, ಹಿಂದಿಯಲ್ಲಿ ಅಕ್ಟೋಬರ್ 14ಕ್ಕೆ. ನಡುವಿನ ಆ ಎರಡು ವಾರ ನಮ್ಮ ಮಾತಿಗೆ ಬೆಲೆ ಇತ್ತು. ಆಚೆಯ ಗೆಳೆಯರು ಫೋನ್ ಹಚ್ಚಿ ಕೇಳ್ತಿದ್ರು. ಭೂತಕೋಲ ಅಂದ್ರೇನು ಅಂತ ನಾನೇ ಮರಾಠಿಯಲ್ಲಿ ವಿವರಿಸಿದೆ. (ಕರಾವಳಿ ನಾನೂ ನೋಡಿಲ್ಲ, ಇರಲಿ.)

2025ರ ಅಕ್ಟೋಬರ್ 2ಕ್ಕೆ ‘ಕಾಂತಾರ ಚಾಪ್ಟರ್ 1’ ಹಿಂದಿ ಸೇರಿ ಹಲವು ಭಾಷೆಯಲ್ಲಿ ಒಂದೇ ದಿನ ಬಂತು. ನಿರ್ಮಾಪಕರಿಗೆ ಇದು ಲಾಭನ ಬಿಡ್ರಿ: ಜಾಹೀರಾತು ಒಮ್ಮೆ ಮಾಡಿದ್ರೆ ಸಾಕು, ಕೆಟ್ಟ ಮಾತು ಹರಡೋ ಮೊದಲೇ ಮೊದಲ ದಿನಗಳ ದುಡ್ಡು ಕೈಗೆ ಬರ್ತದ. ಆದ್ರ ಈ ಸಲ ನಮ್ಮನ್ನ ಯಾರೂ ಕೇಳಲಿಲ್ಲ. ಅವರು ಹಿಂದಿಯಲ್ಲಿ ನೋಡಿ, ಇಂಟರ್ವಲ್‌ನಲ್ಲೇ ಸ್ಟೇಟಸ್ ಹಾಕಿದ್ರು. ನಾನಿನ್ನೂ ಟಿಕೆಟ್ ತಗೊಂಡಿರಲಿಲ್ಲ.